ಆರೋಗ್ಯದ ಅಂಕಿಗಳನ್ನು ಓದಬಲ್ಲವರು ಬೇಕು

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಮುಂದೆ ಬರುವವರು ವೈದ್ಯರು, ದಾದಿಯರು, ಔಷಧಿ ಕೊಡುವವರು. ಚೀಟಿ ಬರೆಯುವ ಕಿಟಕಿಯ ಹಿಂದೆ ಕುಳಿತವರನ್ನಾಗಲಿ, ದಾಖಲೆ ಕೋಣೆಯಲ್ಲಿ ಕಡತಗಳ ನಡುವೆ ದುಡಿಯುವವರನ್ನಾಗಲಿ ನಾವು ನೆನೆಯುವುದು ಕಡಿಮೆ. ಆದರೆ ಒಂದು ಜಿಲ್ಲೆಯಲ್ಲಿ ಯಾವ ರೋಗ ಹೆಚ್ಚುತ್ತಿದೆ, ಯಾವ ವಯಸ್ಸಿನವರು ಅದಕ್ಕೆ ತುತ್ತಾಗುತ್ತಿದ್ದಾರೆ, ಔಷಧಿ ಮೊದಲು ಯಾವ ಊರಿಗೆ ತಲುಪಬೇಕು ಎಂಬುದನ್ನು ತಿಳಿಯಲು ಇವರು ಬರೆದಿಟ್ಟ ಅಕ್ಷರ ಮತ್ತು ಅಂಕಿಗಳೇ ಆಧಾರ. ಅವುಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಜೋಡಿಸಿ, ಅರ್ಥ ಹೇಳುವ ವಿದ್ಯೆಗೆ ಈಗ ‘ಆರೋಗ್ಯ ದತ್ತಾಂಶ ವಿಜ್ಞಾನ’ ಎಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ವಿದ್ಯೆ ಹಳೆಯದು. ದೀಪ ಹಿಡಿದ ಮಹಿಳೆಯೆಂದು ನಾವು ಶಾಲೆಯಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ ಅವರು ಸಂಖ್ಯಾಶಾಸ್ತ್ರದಲ್ಲಿಯೂ ನಿಪುಣರಾಗಿದ್ದರು. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಅವರು 1858ರಲ್ಲಿ ಬಣ್ಣದ ನಕ್ಷೆಯೊಂದರ ಮೂಲಕ ತಮ್ಮ ಸರ್ಕಾರಕ್ಕೆ ಮನಗಾಣಿಸಿದರು.

ನಮ್ಮ ದೇಶದಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಪ್ರತಿಯೊಬ್ಬರಿಗೂ 14 ಅಂಕಿಗಳ ‘ಆಭಾ’ ಸಂಖ್ಯೆ ನೀಡಿ, ಒಂದು ಆಸ್ಪತ್ರೆಯ ದಾಖಲೆ ಇನ್ನೊಂದು ಆಸ್ಪತ್ರೆಯಲ್ಲಿಯೂ ದೊರೆಯುವಂತೆ ಮಾಡುವುದು ಅದರ ಆಶಯ. ಆಶಯ ಒಳ್ಳೆಯದೇ. ಆದರೆ ಯಂತ್ರಕ್ಕೆ ಹಣ ಒದಗಿಸುವ ಉತ್ಸಾಹ ಯಂತ್ರದ ಮುಂದೆ ಕೂರುವ ಮನುಷ್ಯನನ್ನು ತಯಾರು ಮಾಡುವುದರಲ್ಲಿ ಕಾಣುತ್ತಿಲ್ಲವೆಂಬುದು ನನ್ನ ಅಭಿಪ್ರಾಯ. ತರಬೇತಿಯಿಲ್ಲದ ಕೈಯಲ್ಲಿ ಗಣಕಯಂತ್ರವು ತಪ್ಪನ್ನು ಇನ್ನಷ್ಟು ಬೇಗ ಹರಡುತ್ತದೆ, ಅಷ್ಟೆ.

ಮುಂದುವರಿದ ದೇಶಗಳೂ ಇದಕ್ಕೆ ಹೊರತಲ್ಲ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಪಟ್ಟಿಯಿಂದ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಹಳೆಯ ಮಾದರಿಯ ಎಕ್ಸೆಲ್ ಕಡತವೊಂದರಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳು ಹಿಡಿಯುವುದಿಲ್ಲ; ಮಿತಿ ಮೀರಿದ ಸಾಲುಗಳು ಸದ್ದಿಲ್ಲದೆ ಉದುರಿಹೋದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಅಮೆರಿಕದ್ದು ಇನ್ನೊಂದು ಬಗೆಯ ತಪ್ಪು. ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಹೇಳಲು ಅಲ್ಲಿ ಬಳಕೆಯಲ್ಲಿದ್ದ ಒಂದು ಗಣಕ ಸೂತ್ರವು ರೋಗದ ತೀವ್ರತೆಯ ಬದಲಿಗೆ ಚಿಕಿತ್ಸೆಗೆ ಆದ ಖರ್ಚನ್ನು ಅಳತೆಗೋಲಾಗಿ ಇಟ್ಟುಕೊಂಡಿತ್ತು. ಕಪ್ಪು ಜನರಿಗಾಗಿ ವ್ಯಯವಾಗುತ್ತಿದ್ದ ಹಣವೇ ಕಡಿಮೆಯಾದ್ದರಿಂದ, ಅವರು ಹೆಚ್ಚು ಕಾಯಿಲೆಯಲ್ಲಿದ್ದರೂ ಆರೋಗ್ಯವಂತರೆಂಬಂತೆ ಸೂತ್ರ ಲೆಕ್ಕ ಹಾಕಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಸಂಗತಿ ಪ್ರಕಟವಾಯಿತು. ಲೆಕ್ಕದಲ್ಲಿ ದೋಷವಿರಲಿಲ್ಲ, ಪ್ರಶ್ನೆಯಲ್ಲಿಯೇ ದೋಷವಿತ್ತು. ಹಣ ಖರ್ಚು ಮಾಡಲಾಗದೆ ಮನೆಯಲ್ಲಿಯೇ ನೋವು ನುಂಗುವ ಬಡವರಿರುವ ನಮ್ಮ ನಾಡಿಗೆ ಅಂಥದೊಂದು ಸೂತ್ರ ಬಂದರೆ ಏನಾದೀತೆಂಬುದನ್ನು ಓದುಗರೇ ಊಹಿಸಬಹುದು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಒಬ್ಬ ಹಿರಿಯರು ಆಸ್ಪತ್ರೆಯಲ್ಲಿ ತೀರಿಕೊಂಡರೆ ವೈದ್ಯರು ಮರಣ ಕಾರಣದ ಪ್ರಮಾಣಪತ್ರ ಬರೆಯಬೇಕು. ಅದರಲ್ಲಿ ತಕ್ಷಣದ ಕಾರಣ, ಅದಕ್ಕೆ ಹಿಂದಿನ ಕಾರಣ, ಎಲ್ಲಕ್ಕೂ ಮೂಲವಾದ ಕಾರಣ ಎಂದು ಸಾಲುಗಳಿರುತ್ತವೆ. ಎಷ್ಟೋ ಪತ್ರಗಳಲ್ಲಿ ‘ಹೃದಯ ಸ್ತಂಭನ’ ಎಂಬ ಒಂದೇ ಮಾತು ಇರುತ್ತದೆ. ಸತ್ತವರೆಲ್ಲರ ಹೃದಯವೂ ನಿಂತೇ ನಿಲ್ಲುತ್ತದೆ! ಅದಕ್ಕೆ ಮೊದಲು ಹತ್ತು ವರ್ಷ ಕಾಡಿದ ಸಕ್ಕರೆ ಕಾಯಿಲೆಯೋ, ಕೆಟ್ಟ ಮೂತ್ರಪಿಂಡವೋ, ಹೊಲದಲ್ಲಿ ಕಚ್ಚಿದ ಹಾವೋ ದಾಖಲಾಗದಿದ್ದರೆ ಆ ಪತ್ರದಿಂದ ಉತ್ತರಕ್ರಿಯೆಯ ನಂತರದ ಆಸ್ತಿ ವ್ಯವಹಾರಕ್ಕೆ ಉಪಯೋಗವಾದೀತೇ ಹೊರತು ಆರೋಗ್ಯ ಯೋಜನೆಗೆ ಏನೂ ದಕ್ಕದು. ಅದೂ ಈ ಪ್ರಮಾಣೀಕರಣ ದೊರೆಯುವುದು ಕೆಲವರಿಗೆ ಮಾತ್ರ. 2020ರ ರಾಷ್ಟ್ರೀಯ ವರದಿಯ ಪ್ರಕಾರ ನೋಂದಣಿಯಾದ ಮರಣಗಳಲ್ಲಿ ಶೇ. 22.5ರಷ್ಟಕ್ಕೆ ಮಾತ್ರ ವೈದ್ಯಕೀಯವಾಗಿ ಕಾರಣ ದೃಢಪಟ್ಟಿತ್ತು. ಉಳಿದವರು ಏತರಿಂದ ಹೋದರೆಂಬುದು ಆ ಮನೆಯವರ ನೆನಪಿನಲ್ಲಷ್ಟೇ ಉಳಿದಿದೆ.

ಹೆಸರು ಮತ್ತು ವಯಸ್ಸಿನ ತೊಡಕು ಇದಕ್ಕಿಂತ ಸೂಕ್ಷ್ಮ. ಒಬ್ಬಾಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಸವ್ವ, ಜಿಲ್ಲಾ ಆಸ್ಪತ್ರೆಯಲ್ಲಿ ಬಸಮ್ಮ, ಆಧಾರ್ ಚೀಟಿಯಲ್ಲಿ ಬಸವಮ್ಮ. ಒಂದೆಡೆ ತಂದೆಯ ಹೆಸರು, ಮತ್ತೊಂದೆಡೆ ಗಂಡನ ಹೆಸರು. ಇವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಯಂತ್ರದ ಪಾಲಿಗೆ ಇವರು ಮೂವರು. ಊರು ಹೊಸಳ್ಳಿಯಾದರೆ, ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿಗಳಿವೆ! ವಯಸ್ಸು ಕೇಳಿದರೆ ‘ಅರವತ್ತು ಇರಬಹುದು’ ಎಂಬ ಉತ್ತರ. ಆದ್ದರಿಂದಲೇ ನಮ್ಮ ಜನಗಣತಿಗಳಲ್ಲಿ ಸೊನ್ನೆ ಮತ್ತು ಐದರಲ್ಲಿ ಕೊನೆಗೊಳ್ಳುವ ವಯಸ್ಸಿನವರ ಸಂಖ್ಯೆ ಬೆಟ್ಟದಂತೆ ಎದ್ದು ಕಾಣುತ್ತದೆ. ರಕ್ತದೊತ್ತಡದ ಪುಸ್ತಕದಲ್ಲಿ ಸಾಲುಸಾಲಾಗಿ 120/80 ಎಂದಿದ್ದರೆ ಊರಿಗೆ ಊರೇ ಆರೋಗ್ಯವಾಗಿದೆಯೆಂದು ಹಿಗ್ಗಬೇಕಿಲ್ಲ, ಅಳೆಯದೆಯೇ ಬರೆದಿರಬಹುದು. ಇದನ್ನೆಲ್ಲ ಕಂಡುಹಿಡಿಯಲು ಸಂಖ್ಯಾಶಾಸ್ತ್ರ ಬೇಕು ನಿಜ. ಅದರ ಜೊತೆಗೆ ನಮ್ಮ ಭಾಷೆ, ನಮ್ಮ ಹೆಸರುಗಳು, ನಮ್ಮ ಊರುಗಳ ಪರಿಚಯವೂ ಬೇಕು. ದೂರದ ನಗರದಲ್ಲಿ ಕುಳಿತು ತಂತ್ರಾಂಶ ಬರೆಯುವ ಜಾಣರಿಗೆ ಬಸವ್ವ ಬಸಮ್ಮ ಒಬ್ಬಳೇ ಎಂಬುದು ಹೊಳೆಯಲಾರದು. ನಮ್ಮ ಗ್ರಾಮೀಣ ಪದವೀಧರರಿಗೆ ಅದು ಹುಟ್ಟಿನಿಂದಲೇ ಗೊತ್ತು.

ಚೆನ್ನಾಗಿ ಮಾಡಿದ ಕೆಲಸದ ಮಾದರಿ ನಮ್ಮಲ್ಲಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಬೆಂಗಳೂರು, ಮುಂಬೈ ಮತ್ತು ಚೆನ್ನೈಗಳಲ್ಲಿ ಜನಸಂಖ್ಯಾ ಆಧಾರಿತ ನೋಂದಣಿಯನ್ನು ಕೈಗೊಂಡಿತು. ಬೆಂಗಳೂರಿನ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿಯ ಸಿಬ್ಬಂದಿ ತಮ್ಮ ಮೇಜಿಗೆ ಮಾಹಿತಿ ಬರಲೆಂದು ಕಾಯಲಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ, ಪ್ರಯೋಗಾಲಯಗಳಿಗೆ, ಮರಣ ನೋಂದಣಿ ಕಚೇರಿಗಳಿಗೆ ಹೋಗಿ ಕಡತ ನೋಡಿ, ಒಬ್ಬರೇ ರೋಗಿ ಎರಡು ಬಾರಿ ಎಣಿಕೆಯಾಗದಂತೆ ತಾಳೆ ನೋಡಿದರು. ಯಾವ ಕ್ಯಾನ್ಸರ್ ಇಳಿಯುತ್ತಿದೆ, ಯಾವುದು ಏರುತ್ತಿದೆ ಎಂದು ಇಂದು ನಾವು ಹೇಳಬಲ್ಲೆವಾದರೆ ಅದು ಹೆಸರಿಲ್ಲದ ಈ ಕಾಯಕಜೀವಿಗಳ ದಶಕಗಳ ದುಡಿಮೆಯ ಫಲ.

ಇಂಥವರನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರು ಮಾಡಲು ಹೊಸ ವಿಶ್ವವಿದ್ಯಾಲಯವನ್ನೇ ಕಟ್ಟಬೇಕಿಲ್ಲ. ವೈದ್ಯಕೀಯ ದಾಖಲೆ ನಿರ್ವಹಣೆಯ ಡಿಪ್ಲೊಮಾ ನಮ್ಮ ರಾಜ್ಯದಲ್ಲಿದೆ. ನಿಮ್ಹಾನ್ಸ್‌ನಲ್ಲಿ ಜೈವಿಕ ಸಂಖ್ಯಾಶಾಸ್ತ್ರ ವಿಭಾಗವಿದೆ. ಮಠಗಳು ನಡೆಸುವ ಪದವಿ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನ, ಸಮಾಜಶಾಸ್ತ್ರ ಓದಿದ ಮಕ್ಕಳು ಕೆಲಸ ಸಿಗದೆ ಬೆಂಗಳೂರಿನ ದಾರಿ ಹಿಡಿಯುವುದನ್ನು ನೋಡುತ್ತಲೇ ಇದ್ದೇವೆ. ಪದವಿಯ ಕೊನೆಯ ಆರು ತಿಂಗಳು ಅವರನ್ನು ತಾಲ್ಲೂಕು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂರಿಸಬೇಕು; ಆಶಾ ಕಾರ್ಯಕರ್ತೆಯೊಡನೆ ಮನೆಮನೆಗೆ ಕಳುಹಿಸಬೇಕು. ಆಕೆ ಬಾಣಂತಿಯ ಮನೆಯಲ್ಲಿ ನಿಂತು ಒಂದೇ ಮಾಹಿತಿಯನ್ನು ಪುಸ್ತಕದಲ್ಲೊಮ್ಮೆ, ಮೊಬೈಲಿನಲ್ಲೊಮ್ಮೆ ತುಂಬಿಸುವ ಪಾಡನ್ನು ಕಣ್ಣಾರೆ ಕಂಡವನು ಮುಂದೆ ನಮೂನೆ ರೂಪಿಸುವಾಗ ಅನಗತ್ಯವಾದ ಹತ್ತು ಪ್ರಶ್ನೆಗಳನ್ನು ತಾನೇ ಕೈಬಿಟ್ಟಾನು. ತಾನು ಕೊಟ್ಟ ಅಂಕಿಗಳಿಂದ ತನ್ನ ಊರಿಗೆ ಏನು ತಿಳಿದುಬಂತೆಂಬುದನ್ನು ಆಕೆಗೂ ಮರಳಿ ಹೇಳುವ ಪದ್ಧತಿ ಬರಬೇಕು. ಉಪಯೋಗ ಕಾಣದ ಅಂಕಿಯನ್ನು ಯಾರೂ ಶ್ರದ್ಧೆಯಿಂದ ಬರೆಯುವುದಿಲ್ಲ.

ಗೌಪ್ಯವನ್ನು ಕಾಯುವ ಶಿಕ್ಷಣ ಇದೇ ತರಬೇತಿಯ ಭಾಗವಾಗಬೇಕು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆಯಾದರೂ ಹಳ್ಳಿಯಲ್ಲಿ ಗುಟ್ಟು ರಟ್ಟಾಗಲು ಹೆಸರು ಬರೆಯಬೇಕೆಂದೇನೂ ಇಲ್ಲ. ‘ಇಂಥ ಊರಿನ ನಲವತ್ತೈದು ವರ್ಷದ ಶಿಕ್ಷಕಿ’ ಎಂದರೆ ಸಾಕು. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ ಇವುಗಳಲ್ಲಿ ಒಂದು ಮಾತು ಹೊರಬಿದ್ದರೂ ಮಗಳ ಸಂಬಂಧ ಮುರಿಯುತ್ತದೆ, ಬಾಡಿಗೆ ಮನೆ ಬಿಡಬೇಕಾಗುತ್ತದೆ. ಹಾಗಾದ ಮೇಲೆ ಆ ಮನೆಯವರು ಮತ್ತೆಂದೂ ನಿಜ ಹೇಳುವುದಿಲ್ಲ, ಅವರನ್ನು ನೋಡಿದ ನೆರೆಹೊರೆಯವರೂ ಹೇಳುವುದಿಲ್ಲ.

ಕೊನೆಗೆ ಉಳಿಯುವುದು ಹುದ್ದೆಯ ಪ್ರಶ್ನೆ. ಗುತ್ತಿಗೆಯ ಮೇಲೆ ಹನ್ನೊಂದು ತಿಂಗಳು ದತ್ತಾಂಶ ನಮೂದಕರೆಂದು ಇರಿಸಿಕೊಂಡು, ಕೆಲಸ ಕಲಿತ ಹೊತ್ತಿಗೆ ಮನೆಗೆ ಕಳುಹಿಸುವ ರೂಢಿ ಇರುವವರೆಗೆ ಯಾವ ತರಬೇತಿಯೂ ನಿಲ್ಲದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ವಿತರಕರಿಗೆ, ಪ್ರಯೋಗಾಲಯ ತಂತ್ರಜ್ಞರಿಗೆ ಇರುವಂತೆಯೇ ಆರೋಗ್ಯ ದತ್ತಾಂಶಕ್ಕೂ ಒಂದು ಖಾಯಂ ಹುದ್ದೆ, ಅದಕ್ಕೊಂದು ವೇತನ ಶ್ರೇಣಿ, ಮುಂದೆ ಬಡ್ತಿಯ ದಾರಿ ಇರಬೇಕು. ಅದು ಸರ್ಕಾರದ ಕೆಲಸ. ಮಠಗಳ ಆಶ್ರಯದಲ್ಲಿ ನಡೆಯುವ ಆಸ್ಪತ್ರೆಗಳು ತಮ್ಮ ಮಟ್ಟಿಗೆ ಇದನ್ನು ಮೊದಲು ಮಾಡಿ ತೋರಿಸಲು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ.