ಊರ ನಲ್ಲಿಯ ನೀರಿಗೆ ಹೊಲದ ಹೊಣೆ
ರೈತ ಬಾಂಧವರೇ, ಕುಡಿಯುವ ನೀರು ಕೆಟ್ಟರೆ ಪುರಸಭೆಯನ್ನಷ್ಟೇ ದೂರುವುದು ನ್ಯಾಯವಲ್ಲ. ಬಯಲುಸೀಮೆಯ ಎಷ್ಟೋ ಸಣ್ಣ ಪಟ್ಟಣಗಳಿಗೆ ಕೊಳವೆ ಬಾವಿಯೇ ಆಧಾರ. ಬೆಳೆ ಹೀರದೆ ಉಳಿದ ಯೂರಿಯಾ ನೈಟ್ರೇಟ್ ಆಗಿ ಮಳೆಯೊಡನೆ ಅಂತರ್ಜಲಕ್ಕೆ ಇಳಿಯುತ್ತದೆ. ತಿಪ್ಪೆ, ಶೌಚಗುಂಡಿಗಳ ಬಸಿನೀರೂ ಸೇರುತ್ತದೆ. ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟಬಹುದು. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ, ನೈಟ್ರೇಟನ್ನು ತೆಗೆಯದು. ಕುದಿಸಿದರೂ ಅದು ಹೋಗದು. ಆದ್ದರಿಂದ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪುರಸಭೆ ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಬರೆಯಲಿ. ನಾವು ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾವನ್ನು ಕಂತುಗಳಲ್ಲಿ ಕೊಟ್ಟು, ತಿಪ್ಪೆಯನ್ನು ಬಾವಿಯಿಂದ ದೂರವಿಡೋಣ. ಗೊಬ್ಬರದ ಹಣವೂ ಉಳಿದೀತು, ಮಗುವಿನ ಜೀವವೂ ಉಳಿದೀತು.