ತಲೆಗೂದಲಿನ ಮಾತು ತಲೆಹರಟೆಯಲ್ಲ

ಪತ್ರಿಕೆಯಲ್ಲಿ ಬರೆಯುವುದಕ್ಕೆ ತಲೆಗೂದಲೊಂದೇ ಸಿಕ್ಕಿತೆ ಎಂದು ಕೆಲವರು ಮೂಗು ಮುರಿಯಬಹುದು. ಕನ್ನಡ ಶಾಲೆಗಳಿಗೆ ಅಧ್ಯಾಪಕರ ನೇಮಕ, ಕಚೇರಿಯ ಅರ್ಜಿ ನಮೂನೆಗಳ ಭಾಷೆ ಮುಂತಾದ ವಿಷಯಗಳು ಇರುವಾಗ ಕನ್ನಡ ಮಾಧ್ಯಮದ ಅಧ್ಯಾಪಿಕೆಗೆ ಇದೇನು ಚಿಂತೆ ಎಂದೂ ಕೇಳಬಹುದು. ಕೇಳಲಿ. ನಲವತ್ತು ದಾಟಿದ ಮೇಲೆ ಬೆಳಗ್ಗೆ ಕನ್ನಡಿಯ ಮುಂದೆ ನಿಂತು, ಬಾಚಿದಷ್ಟೂ ಎದ್ದು ನಿಲ್ಲುವ ಕೂದಲನ್ನು ಹೇಗೋ ಸುತ್ತಿ, ನಾಲ್ಕು ಪಿನ್ನು ಚುಚ್ಚಿ, ಬಸ್ಸಿಗೆ ಓಡುವ ತಾಯಂದಿರು ಈ ಪತ್ರಿಕೆಯ ಓದುಗರಲ್ಲಿ ಎಷ್ಟು ಮಂದಿ ಇದ್ದಾರೆಂದು ನಮಗೆ ಗೊತ್ತು. ಅವರಲ್ಲಿ ನಾವೂ ಒಬ್ಬರು.

ನಮಗೆ ನಲವತ್ತೆರಡು ತುಂಬಿದ ವರ್ಷದಿಂದ ಕೂದಲು ತೆಂಗಿನ ನಾರಿನಂತೆ ಆಗತೊಡಗಿತು. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಕರಿಹಲಗೆಯ ಕಡೆ ತಿರುಗಿ ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ 'ಗುಬ್ಬಿಗೂಡು' ಎಂಬ ಮಾತು ಕೇಳಿಸಿತು. ಮಕ್ಕಳ ಮೇಲೆ ಸಿಟ್ಟು ಬರಲಿಲ್ಲ. ಉಪಮಾಲಂಕಾರ ಕಲಿಸಿದವರು ನಾವೇ ತಾನೆ! ಆದರೆ ಆ ದಿನದಿಂದ ಎರಡು ವರ್ಷ ನಾವು ಬಾಟ್ಲಿಗಳ ಹಿಂದೆ ಬಿದ್ದೆವು. ಶಾಂಪೂ ಆಯಿತು, ಕಂಡೀಶನರ್ ಆಯಿತು, ದಾಸವಾಳದ ಚಿತ್ರ ಅಂಟಿಸಿದ ಎಣ್ಣೆ ಆಯಿತು. ಬಚ್ಚಲಿನ ಕಿಟಕಿಯಲ್ಲಿ ಇಡಲು ಜಾಗ ಸಾಲದೆ ಹೋಯಿತೇ ಹೊರತು ಕೂದಲು ಇದ್ದಂತೆಯೇ ಇತ್ತು. ವಯಸ್ಸಾಯಿತು, ಇನ್ನೇನು ಎಂದು ಮನೆಯಲ್ಲೂ ಹೇಳಿದರು, ಸ್ಟಾಫ್ ರೂಮಿನಲ್ಲೂ ಹೇಳಿದರು.

ಕಳೆದ ಮೇ ತಿಂಗಳ ರಜೆಯಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂಗೆ ಹೋಗುವ ಸಂದರ್ಭ ಬಂತು. ನಮ್ಮೊಂದಿಗೆ ಟಿ.ಸಿ.ಎಚ್. ಓದಿದ ಗೆಳತಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಆ ಊರಿನ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹುಡುಗನ ಮನೆಮಾತೂ ಕನ್ನಡವೇ ಎಂದು ತಿಳಿದದ್ದು ಆಮೇಲೆ! ಈಗ ಅವಳ ಸೀಮಂತ. ಕೋಟ್ಟಯಂವರೆಗೆ ರೈಲು, ಅಲ್ಲಿಂದ ಪೀರುಮೇಡಿನ ಚಹಾ ತೋಟಗಳ ನಡುವೆ ಕುಮಳಿಗೆ ಬಸ್ಸು. ಕುಮಳಿಯ ಗಡಿ ದಾಟಿ ಘಾಟಿ ಇಳಿದರೆ ಹಸುರು ಹಿಂದೆ ಉಳಿಯುತ್ತದೆ, ಒಣ ಗಾಳಿ ಮುಖಕ್ಕೆ ಹೊಡೆಯುತ್ತದೆ. ಗೂಡಲೂರು ದಾಟಿದರೆ ಕಂಬಂ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ, ಬಾಳೆ, ತೆಂಗು.

ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ, ಮನೆಯೊಳಗೆ ಕನ್ನಡವಾಡುವ ಒಕ್ಕಲು ಮನೆತನಗಳಿವೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೂ ಕನ್ನಡವಾಡುವ ಬೇಸಾಯಗಾರರೆಂದೇ ಇವರ ಉಲ್ಲೇಖವಿದೆ. ನಾವು ಉಳಿದುಕೊಂಡ ಮನೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ಶಾಲೆ ತಮಿಳು, ಪತ್ರಿಕೆ ತಮಿಳು, ದೇವಸ್ಥಾನದ ಬೋರ್ಡು ತಮಿಳು. ಕನ್ನಡ ಅಡುಗೆಮನೆಯಲ್ಲಿ ಮತ್ತು ಹಿತ್ತಿಲಿನಲ್ಲಿ ಮಾತ್ರ.

ಆ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ಬೆಳ್ಳಗಿನ, ಆದರೆ ನುಣುಪಾದ ಜಡೆ. ಎರಡನೆಯ ದಿನ ಅವರು ನಮ್ಮ ತಲೆ ಮುಟ್ಟಿ ನೋಡಿದರು. ತಮಿಳು ಬೆರೆತ ಆ ಕನ್ನಡ ಮೊದಲ ದಿನ ಅರ್ಧದಷ್ಟೂ ತಿಳಿದಿರಲಿಲ್ಲ, ಆದರೆ ಈ ಪ್ರಶ್ನೆಗಳು ಸ್ಪಷ್ಟವಾಗಿ ತಿಳಿದವು. ಯಾವ ನೀರಿನಲ್ಲಿ ಮೀಯುತ್ತೀರಿ? ಎಣ್ಣೆ ಯಾವಾಗ ಹಾಕುತ್ತೀರಿ? ಹಾಕುವವರು ಯಾರು?

ನೀರಿನ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ. ಆ ಕಡೆಯ ಹೆಂಗಸರು ನೀರನ್ನು ಎರಡಾಗಿ ಎಣಿಸುತ್ತಾರೆ: ಉಪ್ಪು ತಣ್ಣಿ, ನಲ್ಲ ತಣ್ಣಿ. ಕೊಳವೆ ಬಾವಿಯದ್ದು ಉಪ್ಪು ತಣ್ಣಿ, ಪಾತ್ರೆ ಬಟ್ಟೆಗೆ. ಹೊಳೆಯಿಂದ ನಳ್ಳಿಗೆ ಬರುವುದು ನಲ್ಲ ತಣ್ಣಿ, ಕುಡಿಯಲು ಮತ್ತು ಆ ಮನೆಯಲ್ಲಿ ತಲೆಗೆ. 1895ರಲ್ಲಿ ಪೆನ್ನಿಕ್ವಿಕ್ ಎಂಬ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟು ಪಡುವಣಕ್ಕೆ ಹರಿಯುವ ನೀರನ್ನು ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿತಷ್ಟೆ. ಕಣಿವೆಯ ಗದ್ದೆ ತೋಟಗಳೆಲ್ಲ ಆ ನೀರಿನವು. ಅಜ್ಜಿಯ ಜಡೆಗೂ ಅದರದೇ ಋಣ ಎನ್ನಬೇಕು. ಸೀಮಂತಕ್ಕೆ ದಿಂಡಿಗಲ್ಲಿನಿಂದ ಬಂದ ನೆಂಟರ ಹೆಂಗಸರಿಗೆ ಈ ಭಾಗ್ಯವಿಲ್ಲ. ಚರ್ಮ ಹದಮಾಡುವ ಕಾರ್ಖಾನೆಗಳ ಸುತ್ತಮುತ್ತ ಅಂತರ್ಜಲಕ್ಕೆ ಉಪ್ಪು ಸೇರಿದ ಊರು ಅದು. ಸೋಪು ನೊರೆ ಬರುವುದಿಲ್ಲ, ತಲೆ ತೊಳೆದರೆ ಅಂಟು ಅಂಟು ಎಂದು ಅವರು ದೂರುತ್ತಿದ್ದರು.

ಇದು ಹೈಸ್ಕೂಲಿನ ವಿಜ್ಞಾನ ಪುಸ್ತಕದ ಪಾಠವೇ. ಗಡಸು ನೀರಿನ ಸುಣ್ಣದಂಶವೂ ಮೆಗ್ನೀಸಿಯಮ್ಮೂ ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಕಿಟ್ಟವಾಗುತ್ತವೆ. ಅದು ಕೂದಲಿಗೆ ಅಂಟಿ ಒರಟು ಮಾಡುತ್ತದೆ. ಪರೀಕ್ಷೆಗೆ ಬರೆಯಿಸುತ್ತೇವೆ, ನಮ್ಮ ತಲೆಗೆ ಅನ್ವಯಿಸುವುದಿಲ್ಲ. ನಮ್ಮ ಕಾಸರಗೋಡಿನ ಮುರಕಲ್ಲಿನ ಬಾವಿಗಳದ್ದೂ ಪೈವಳಿಕೆ, ಬಾಯಾರು ಕಡೆಯ ಸುರಂಗಗಳದ್ದೂ ಸಾಮಾನ್ಯವಾಗಿ ಮೆದು ನೀರು. ಆ ಮಟ್ಟಿಗೆ ನಾವು ಪುಣ್ಯವಂತರು. ಆದರೆ ಕಡಲ ಬದಿಯ ಕೊಳವೆ ಬಾವಿಯವರಿಗೆ ಹಾಗೆ ಹೇಳುವಂತಿಲ್ಲ. ಅಂಥವರು ಕಡೆಯ ಎರಡು ಚೆಂಬನ್ನಾದರೂ ಮಳೆನೀರೋ ಒಳ್ಳೆಯ ಬಾವಿಯ ನೀರೋ ಹೊಯ್ದುಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ತಲೆಗೆ ಮೈಸೋಪು ಉಜ್ಜುವ ಅಭ್ಯಾಸವನ್ನಂತೂ ಬಿಡಲೇಬೇಕು.

ಎಣ್ಣೆಯ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಅಜ್ಜಿಗೆ ನಗು ತರಿಸಿತು. ತೊಳೆದು ಒಣಗಿಸಿದ ಮೇಲೆ, ಕೂದಲು ಕೂರಲಿ ಎಂದು ಎರಡು ಹನಿ ಸವರುತ್ತೇವೆ ಎಂದೆವು. ಅವರಲ್ಲಿ ಮಂಗಳವಾರ ಶುಕ್ರವಾರ ಹೆಂಗಸರಿಗೆ, ಬುಧವಾರ ಶನಿವಾರ ಗಂಡಸರಿಗೆ ಎಣ್ಣೆ ಸ್ನಾನ. ತೊಳೆಯುವ ಮೊದಲು ಎಣ್ಣೆ. ಅವರದ್ದು ಎಳ್ಳೆಣ್ಣೆ, ನಮ್ಮದು ತೆಂಗಿನೆಣ್ಣೆ.

ಮೊದಲೇ ಯಾಕೆ? ಕೂದಲಿನ ಹೊರಮೈ ನಮ್ಮ ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಪದರ. ನೀರು ಕುಡಿದಾಗ ಕೂದಲು ಉಬ್ಬುತ್ತದೆ, ಹಂಚು ಏಳುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಹಂಚು ಒಡೆದರೆ ಒಳಗಿನ ಸತ್ವ ತೊಳೆದುಹೋಗುತ್ತದೆ. ತೆಂಗಿನೆಣ್ಣೆ ಕೂದಲಿನ ಒಳಗಿಳಿದು ಈ ನಷ್ಟವನ್ನು ಕಡಿಮೆ ಮಾಡುತ್ತದೆಂದು ರೆಲೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಸೂರ್ಯಕಾಂತಿ ಎಣ್ಣೆಗೂ ಖನಿಜ ಎಣ್ಣೆಗೂ ಆ ಗುಣ ಕಾಣಲಿಲ್ಲವಂತೆ. ಅವರು ತೆಂಗಿನೆಣ್ಣೆ ಮಾರುವ ಕಂಪೆನಿಯವರೇ ಎಂಬುದನ್ನೂ ಹೇಳಿಬಿಡಬೇಕು. ಆದರೂ ನಮ್ಮ ಅಜ್ಜಿಯಂದಿರು ಕಂಪೆನಿಯಿಂದ ಸಂಬಳ ಪಡೆದವರಲ್ಲವಲ್ಲ! ಒಂದು ಮಾತು: ಎಣ್ಣೆಯಿಂದ ಕೂದಲು ಬೆಳೆಯುತ್ತದೆಂಬುದು ಸುಳ್ಳು. ಇದ್ದದ್ದನ್ನು ಅದು ಕಾಯುತ್ತದೆ, ಅಷ್ಟೇ. ತಲೆಯಲ್ಲಿ ಹೊಟ್ಟು ಇರುವವರು ಬುಡಕ್ಕೆ ಎಣ್ಣೆ ಕುಡಿಸಿದರೆ ಹೊಟ್ಟು ಹೆಚ್ಚುವುದೂ ಉಂಟು.

ನಡುವಯಸ್ಸಿನಲ್ಲಿ ಇದು ಇನ್ನೂ ಮುಖ್ಯ. ಮುಟ್ಟು ನಿಲ್ಲುವ ಕಾಲ ಸಮೀಪಿಸಿದಂತೆ ತಲೆಯ ಚರ್ಮದ ಸ್ವಂತ ಜಿಡ್ಡು ಕಡಿಮೆಯಾಗುತ್ತದೆ, ಎಳೆ ತೆಳ್ಳಗಾಗುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ; ಎಂದರೆ ಎರಡಡಿ ಜಡೆಯ ತುದಿ 5 ವರ್ಷ ಹಿಂದೆ ಹುಟ್ಟಿದ್ದು. ಐದು ಮಳೆಗಾಲ ಕಂಡ ಹಂಚನ್ನು ಹೊಸ ಹಂಚಿನಂತೆ ಉಜ್ಜಿದರೆ ಹೇಗೆ? ಇಲ್ಲಿ ಜೂನ್ ತಿಂಗಳು ಬಂದೊಡನೆ ಕೂದಲು ಕೆದರಿ ನಿಲ್ಲುವುದಕ್ಕೂ ಇದೇ ಕಾರಣ: ಒಡೆದ ಹಂಚಿನ ಸಂದಿನಿಂದ ಗಾಳಿಯ ತೇವ ಒಳಗೆ ಹೋಗಿ ಎಳೆಗಳು ಒಂದೊಂದು ದಿಕ್ಕಿಗೆ ಡೊಂಕಾಗುತ್ತವೆ. ಒದ್ದೆ ಕೂದಲನ್ನು ದಪ್ಪ ಟವೆಲಿನಿಂದ ತಿಕ್ಕುವ ಬದಲು ಹಳೆಯ ಪಂಚೆಯಲ್ಲಿ ಒತ್ತಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿಕೊಂಡು ಹೋಗಬೇಕು.

ತೊಳೆಯಲು ಅಜ್ಜಿ ಕೊಟ್ಟದ್ದು ಸೀಗೆಕಾಯಿ ಮತ್ತು ಅರಪ್ಪು. ಅರಪ್ಪು ಎಂದರೆ ಮೈಸೂರು ಕಡೆಯವರು ಚುಜ್ಜಲು ಎನ್ನುವ ಮರದ ಎಲೆಯ ಪುಡಿ. ಸೀಗೆಪುಡಿಯನ್ನು ನೆನೆಸಿ ಸೋಸದೆ ಹಾಗೆಯೇ ತಿಕ್ಕಿದರೆ ಒಣ ಕೂದಲಿಗೆ ಮರಳುಕಾಗದ ಉಜ್ಜಿದಂತೆ. ಅವರು ಬಟ್ಟೆಯಲ್ಲಿ ಸೋಸುತ್ತಿದ್ದರು. ನೋಡುತ್ತ ನಮಗೆ ನೆನಪಾದದ್ದು ಊರಿನ ಗೊಂಪು. ದಾಸವಾಳದ ಎಲೆ ಕಿವುಚಿ, ಗಂಜಿಯ ತೆಳಿ ಬೆರೆಸಿ, ಲೋಳೆ ತೆಗೆದು ಅಮ್ಮ ತಲೆಗೆ ಹಾಕುತ್ತಿದ್ದ ಗೊಂಪು. ಬೇಲಿಯ ತುಂಬ ದಾಸವಾಳ ಇಟ್ಟುಕೊಂಡು, ಅದರ ಚಿತ್ರವಿದ್ದ ಬಾಟ್ಲಿಗೆ ಮುನ್ನೂರು ರೂಪಾಯಿ ಕೊಟ್ಟವರು ನಾವು. ಶಾಂಪೂ ಪಾಪವೆಂದು ಹೇಳುತ್ತಿಲ್ಲ. 1983ರಲ್ಲಿ ಕಡಲೂರಿನ ಸಿ. ಕೆ. ರಂಗನಾಥನ್ ಆರಂಭಿಸಿದ ಚಿಕ್ ಶಾಂಪೂವಿನ ಸಣ್ಣ ಪೊಟ್ಟಣಗಳು ಹಳ್ಳಿಯ ಗೂಡಂಗಡಿಗೂ ಬಂದು, ಬಡವರಿಗೂ ಅದು ದಕ್ಕುವಂತಾಯಿತು. ಗಡಸು ನೀರಿನಲ್ಲಿ ಸೋಪಿಗಿಂತ ಶಾಂಪೂವೇ ಮೇಲು. ವಾರಕ್ಕೆ ಎರಡು ಸಲ, ಬುಡಕ್ಕೆ ಮಾತ್ರ, ಸಾಕು. ಆದರೆ ಪಾರ್ಲರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೂದಲು ನೇರಮಾಡಿಸಲು ಹೊರಟವರು ಒಮ್ಮೆ ಯೋಚಿಸಬೇಕು. ಅಂಥ ಕೆಲವು ದ್ರಾವಣಗಳನ್ನು ಬಿಸಿಮಾಡಿದಾಗ ಹೊರಡುವ ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಇಷ್ಟು ಕಲಿತು ಊರಿಗೆ ಬಂದೆವು. ಒಂದು ತಿಂಗಳು ಶ್ರದ್ಧೆಯಿಂದ ಮಾಡಿದೆವು. ಕೂದಲಿನ ತುದಿ ಸ್ವಲ್ಪ ಮಣಿಯಿತು, ಆದರೆ ಬುಡದಿಂದ ಹೊಸದಾಗಿ ಬರುವುದೂ ಒರಟೇ. ಆಗಲೇ ಕಂಬಂನ ಅಜ್ಜಿ ಹೊರಡುವಾಗ ಹೇಳಿದ್ದು ನೆನಪಾಯಿತು: ಎಣ್ಣೆಗೂ ಬಗ್ಗದಿದ್ದರೆ ಡಾಕ್ಟರಿಗೆ ತೋರಿಸಿ, ಅವರ ಸೊಸೆಗೂ ಹೀಗೆಯೇ ಆಗಿತ್ತಂತೆ. ತೋರಿಸಿದೆವು. ಡಾಕ್ಟರು ಕೂದಲನ್ನು ಬಿಟ್ಟು ಬೇರೆಯೇ ಕೇಳಿದರು. ಸುಸ್ತು ಇದೆಯೆ? ತೂಕ ಏರಿದೆಯೆ? ಇತರರಿಗೆ ಸೆಕೆಯಾಗುವಾಗ ನಿಮಗೆ ಚಳಿಯೆ? ಎಲ್ಲಕ್ಕೂ ಹೌದು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿ ಮಂದವಾಗಿರುವುದು ಗೊತ್ತಾಯಿತು. ಈಗ ದಿನವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ.

ಎರಡು ವರ್ಷ ಮಧ್ಯಾಹ್ನದ ಪೀರಿಯಡಿನಲ್ಲಿ ಕುರ್ಚಿ ಹಿಡಿದು ಪಾಠ ಮಾಡಿದ್ದೇವೆ. ಸುಸ್ತನ್ನು ಕೆಲಸದ ಮೇಲೆ ಹಾಕಿದೆವು, ತೂಕವನ್ನು ಅನ್ನದ ಮೇಲೆ, ಕೂದಲನ್ನು ವಯಸ್ಸಿನ ಮೇಲೆ. ಬಾಟ್ಲಿಗಳಿಗೆ ಸುರಿದ ಹಣದಲ್ಲಿ ಹತ್ತು ಸಲ ಆ ಪರೀಕ್ಷೆ ಮಾಡಿಸಬಹುದಿತ್ತು. ಒರಟು ಕೂದಲಿದ್ದವರಿಗೆಲ್ಲ ಈ ರೋಗವಿದೆ ಎಂದಲ್ಲ. ಹೆಚ್ಚಿನವರಿಗೆ ನೀರು, ಎಣ್ಣೆ, ವಯಸ್ಸಿನದ್ದೇ ಕತೆ ಇರಬಹುದು. ಆದರೆ ಜೊತೆಗೆ ಸುಸ್ತು ಇದ್ದರೆ ಥೈರಾಯ್ಡ್, ರಕ್ತಹೀನತೆ ಎರಡನ್ನೂ ನೋಡಿಸಿ. ಮನೆಯವರು ನಕ್ಕರೆ ನಗಲಿ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಗಂಡಸರನ್ನು ಕರೆದುಕೊಂಡು ಹೋಗುವವರು ನಾವೇ, ನಮ್ಮ ಸರದಿ ಬಂದಾಗ ಮಾತ್ರ ಬಸ್ಸಿಗೆ ಹೊತ್ತಾಗುತ್ತದೆ.

ಇನ್ನು ಅಜ್ಜಿಯ ಆ ಮೂರನೆಯ ಪ್ರಶ್ನೆ. ಎಣ್ಣೆ ಹಾಕುವವರು ಯಾರು? ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನಮ್ಮ ತಲೆಯನ್ನು ಬೇರೊಬ್ಬರು ಮುಟ್ಟಿದ್ದೇ ಇಲ್ಲ ಎಂಬುದು ಆ ಹಿತ್ತಿಲಿನಲ್ಲಿ ಕುಳಿತಾಗ ತಿಳಿಯಿತು. ಅಲ್ಲಿ ಶುಕ್ರವಾರ ಬೆಳಗ್ಗೆ ಅಜ್ಜಿ ಸೊಸೆಗೆ, ಸೊಸೆ ಬಸುರಿ ಹುಡುಗಿಗೆ ಎಣ್ಣೆ ಹಾಕುತ್ತಿದ್ದರು. ಒಂದು ಗಂಟೆ ಯಾರೂ ಅವರನ್ನು ಕರೆಯುವಂತಿಲ್ಲ. ಆ ಗಂಟೆಯಲ್ಲಿ ಆಡುವ ಮಾತೆಲ್ಲ ಕನ್ನಡ. ಬೀದಿ ಬಾಗಿಲಿಗೆ ಬಂದೊಡನೆ ತಮಿಳು. ಶಾಲೆಯಿಲ್ಲದೆ, ಪುಸ್ತಕವಿಲ್ಲದೆ ಇಷ್ಟು ತಲೆಮಾರು ಮಾತು ಉಳಿದದ್ದು ಹೇಗೆಂದು ನಾವು ಕೇಳಬೇಕೆಂದಿದ್ದೆವು, ಆಮೇಲೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಾಗೆ ಕುಳಿತು ಮಗಳೊಂದಿಗೆ ಮಾತಾಡಿ ಎಷ್ಟು ಕಾಲವಾಯಿತು ಎಂಬ ಲೆಕ್ಕವೇ ಮನಸ್ಸಿನಲ್ಲಿ ಓಡುತ್ತಿತ್ತು.

ಈಗ ನಮ್ಮಲ್ಲಿ ಆದಿತ್ಯವಾರ ಬೆಳಗ್ಗೆ ಎಂಟರಿಂದ ಒಂಬತ್ತು. ಮಗಳು ನಮಗೆ, ನಾವು ಮಗಳಿಗೆ. ಆರಂಭದಲ್ಲಿ ಅವಳ ಒಂದು ಕೈ ಮೊಬೈಲಿನಲ್ಲೇ ಇತ್ತು. ಎಣ್ಣೆ ಕೈಯಲ್ಲಿ ಅದು ಕೆಲಸ ಮಾಡುವುದಿಲ್ಲವೆಂದು ತಾನೇ ಬದಿಗಿಟ್ಟಳು. ಅಡುಗೆಮನೆ ಆ ಹೊತ್ತು ಮನೆಯವರ ವಶ. ಗಂಜಿ ಬೇಯಿಸುತ್ತಾರೆ, ತೆಳಿ ತೆಗೆದಿಡಲು ಎರಡು ವಾರ ಮರೆತರು. ಮೂರನೆಯ ವಾರ ಕೇಳುವ ಮೊದಲೇ ಪಾತ್ರೆಯಲ್ಲಿ ಬಚ್ಚಲಿನ ಕಿಟಕಿಗೆ ತಂದಿಟ್ಟರು. ಬಾಟ್ಲಿಗಳು ಹೋದ ಮೇಲೆ ಅಲ್ಲಿ ಜಾಗ ಇತ್ತು.