ಅಜ್ಜನ ಡಬ್ಬಿ ತೆರೆದದ್ದು ತಪ್ಪೇ?

ಕಳೆದ ಆದಿತ್ಯವಾರ ಬಲಿಪೂಜೆ ಮುಗಿದು ಇಗರ್ಜಿ ಅಂಗಳದಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ನೇರವಾಗಿಯೇ ಹೇಳಿದರು: "ನೀನು ಮಾಡಿದ್ದು ಬುದ್ಧಿ ಇಲ್ಲದ ಕೆಲಸ ಮಾರಾಯ. ಹಾಗೇ ಮಾರಿದ್ದರೆ ಒಳ್ಳೆ ಹಣ ಬರುತ್ತಿತ್ತು." ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮನೆಯ ಅಟ್ಟದಲ್ಲಿದ್ದ ಒಂದು ರಟ್ಟಿನ ಡಬ್ಬಿಯ ಬಗ್ಗೆ ಅವರ ಮಾತು. ನಮ್ಮ ಯುವ ಸಂಘದ ಗೆಳೆಯರಲ್ಲೂ ಕೆಲವರು ಇದನ್ನೇ ಕೇಳಿದ್ದಾರೆ. ಎಲ್ಲರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ.

ಅಜ್ಜ ಹಡಗಿನಲ್ಲಿ ಕೆಲಸಕ್ಕಿದ್ದವರು. ಅಮೆರಿಕದ ಬಂದರೊಂದರಲ್ಲಿ ಇಳಿದಾಗ ಕೊಂಡದ್ದು ಆ ಡಬ್ಬಿ. ಒಳಗಿದ್ದದ್ದು ‘ದಿ ಮ್ಯಾನ್ ಫ್ರಮ್ ಅಂಕಲ್’ ಎಂಬ ಟಿವಿ ಧಾರಾವಾಹಿಯ ಗೂಢಚಾರರ ಕಾರಿನ ಮಾಡೆಲ್ ಕಿಟ್. ಬಿಡಿ ಭಾಗಗಳನ್ನು ಅಂಟಿಸಿ, ಬಣ್ಣ ಬಳಿದು ನಾವೇ ಕಟ್ಟಬೇಕು. 1964ರಿಂದ 1968ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ಧಾರಾವಾಹಿ ಅದು. ನೆಪೋಲಿಯನ್ ಸೋಲೋ ಅಮೆರಿಕದವನು, ಇಲ್ಯಾ ಕುರ್ಯಾಕಿನ್ ರಷ್ಯಾದವನು. ಎರಡು ದೇಶಗಳು ಒಂದಕ್ಕೊಂದು ಅಣುಬಾಂಬು ಗುರಿಯಿಟ್ಟು ಕೂತಿದ್ದ ಕಾಲದಲ್ಲಿ ಅವರಿಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು! ಆ ಧೈರ್ಯಕ್ಕಾದರೂ ಧಾರಾವಾಹಿಯನ್ನು ಮೆಚ್ಚಬೇಕು.

ಕಾರಿನ ಕತೆ ಇನ್ನೂ ಚಂದ. ಮಾರ್ಬನ್ ಎಂಬ ರಾಸಾಯನಿಕ ಕಂಪನಿಗೆ ತನ್ನ ಎಬಿಎಸ್ ಪ್ಲಾಸ್ಟಿಕ್‌ನಿಂದ ಕಾರಿನ ಬಾಡಿಯನ್ನೇ ಮಾಡಬಹುದು ಎಂದು ತೋರಿಸಬೇಕಿತ್ತು. ಆ ಪ್ರಯೋಗದ ಕಾರನ್ನು ಮಾಡೆಲ್ ಕಿಟ್ ತಯಾರಿಸುವ ಎಎಂಟಿ ಕಂಪನಿ ಕೈಗೆತ್ತಿಕೊಂಡು ‘ಪಿರಾನ್ಹಾ’ ಎಂದು ಹೆಸರಿಟ್ಟಿತು. ಎಂಜಿನ್ ಷೆವರ್ಲೆ ಕಾರ್ವೇರ್‌ನದು, ಇರುವುದು ಹಿಂದುಗಡೆ. ಟಿವಿಗಾಗಿ ಅದನ್ನು ಗೂಢಚಾರರ ಕಾರಾಗಿ ಮಾಡಿದವರು ಜೀನ್ ವಿನ್‌ಫೀಲ್ಡ್. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಗೆಲಿಲಿಯೋ ನೌಕೆಯನ್ನು ಕಟ್ಟಿದವರೂ ಅವರೇ. ಹಕ್ಕಿ ರೆಕ್ಕೆ ಎತ್ತಿದ ಹಾಗೆ ಬಾಗಿಲು ಮೇಲಕ್ಕೆ ತೆರೆಯುತ್ತದೆ. ಅದೇ ಎಎಂಟಿ ಆ ಕಾರನ್ನು 25ರಲ್ಲಿ 1ರ ಅಳತೆಗೆ ಇಳಿಸಿ ಕಿಟ್ ಮಾಡಿ ಮಾರಿತು. ಪ್ಲಾಸ್ಟಿಕ್ ಮಾರಲು ಹುಟ್ಟಿದ ಕಾರು, ಕೊನೆಗೆ ಪ್ಲಾಸ್ಟಿಕ್ ಆಟಿಕೆಯಾಗಿಯೂ ಮಾರಾಟವಾಯಿತು. ವ್ಯಾಪಾರ ಅಂದರೆ ಹೀಗಿರಬೇಕು.

ಅಜ್ಜ ಅದನ್ನು ಕಟ್ಟಲೇ ಇಲ್ಲ. ಮೊದಲು ರಜೆ ಸಾಲಲಿಲ್ಲ, ಆಮೇಲೆ ತೋಟ, ಮಕ್ಕಳ ಮದುವೆ. "ನಿವೃತ್ತಿ ಆಗಲಿ" ಎಂದರು. ಆದ ಮೇಲೆ ಕೈ ನಡುಗಲು ಶುರುವಾಗಿತ್ತು. ಅವರು ತೀರಿಕೊಂಡ ಮೇಲೆ ಅಟ್ಟ ಗುಡಿಸುವಾಗ ಡಬ್ಬಿ ಸಿಕ್ಕಿತು. ಇಂಟರ್ನೆಟ್ಟಿನಲ್ಲಿ ನೋಡಿದರೆ ತೆರೆಯದ ಹಳೆ ಕಿಟ್‌ಗಳನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಅಪ್ಪ ಮಾರೋಣ ಎಂದರು. ನಾನೂ ಮೊದಲ ವಾರ ಹೂಂ ಅಂದಿದ್ದೆ, ಸುಳ್ಳು ಹೇಳುವುದಿಲ್ಲ.

ಮಾರುವುದಕ್ಕೆ ಫೋಟೋ ಬೇಕಲ್ಲ, ಅದಕ್ಕೇ ಮುಚ್ಚಳ ತೆರೆದೆ. ಟಯರ್‌ಗಳು ಕಿಟಕಿ ಗಾಜಿನ ತುಂಡಿಗೆ ಒತ್ತಿಕೊಂಡಿದ್ದವು. ಎತ್ತಿ ನೋಡಿದರೆ ಗಾಜಿನ ಮೇಲೆ ಟಯರಿನ ಅಚ್ಚು, ಕರಗಿದ ಗುಂಡಿ. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವನಿಗೆ ಇದು ಅರ್ಥವಾಗದ ವಿಷಯವಲ್ಲ. ಟಯರ್ ಇರುವುದು ವಿನೈಲ್‌ನಲ್ಲಿ, ಉಳಿದ ಭಾಗಗಳು ಪಾಲಿಸ್ಟೈರೀನ್‌ನಲ್ಲಿ. ವಿನೈಲ್ ಮೆತ್ತಗಿರಲಿ ಎಂದು ಬೆರೆಸಿದ ದ್ರವ ವರ್ಷ ಕಳೆದಂತೆ ಹೊರಗೆ ಜಿನುಗಿ, ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಕೇಳಬೇಕೇ? ಅಂಟಿಸುವ ಚಿತ್ರಗಳು ಹಳದಿಯಾಗಿ, ಒಣಗಿ, ಬಿರುಕು ಬಿಟ್ಟಿದ್ದವು. ಜೋಪಾನವಾಗಿದೆ ಎಂದು ನಾವೆಲ್ಲ ತಿಳಿದಿದ್ದ ಡಬ್ಬಿಯೊಳಗೆ ಕಾರು ತನ್ನನ್ನು ತಾನೇ ತಿನ್ನುತ್ತಿತ್ತು. ಅವತ್ತು ಮನಸ್ಸು ಬದಲಾಯಿತು.

ಒಂದು ವಾದ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ಇದೇ ಕಿಟ್ ಈಗ ಎಎಂಟಿ ಹೆಸರಿನಲ್ಲೇ ಮತ್ತೆ ಮಾರುಕಟ್ಟೆಗೆ ಬಂದಿದೆ. ಕಟ್ಟುವ ಆಸೆ ಇದ್ದರೆ ಹೊಸದು ತರಿಸು, ಹಳೆಯದನ್ನು ಬಿಡು ಎಂದ ಗೆಳೆಯನೊಬ್ಬ. ನ್ಯಾಯವಾದ ಮಾತು. ಬೇರೆ ಯಾರದೋ ಡಬ್ಬಿಯಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಅಜ್ಜ ಇದನ್ನು ಬೆಲೆ ಏರಲಿ ಎಂದು ತಂದವರಲ್ಲ, ಕಟ್ಟಬೇಕೆಂದು ತಂದವರು. ಕೊಂಡವರೂ ಇದನ್ನು ತೆರೆಯುತ್ತಿರಲಿಲ್ಲ. ನಮ್ಮ ಅಟ್ಟದಿಂದ ಅವರ ಕಪಾಟಿಗೆ ಹೋಗಿ ಟಯರ್ ತನ್ನ ಕೆಲಸ ಮುಂದುವರಿಸುತ್ತಿತ್ತು, ಅಷ್ಟೇ.

ಕಟ್ಟಲು ಎರಡು ತಿಂಗಳು ಹಿಡಿಯಿತು. ಭಾಗಗಳನ್ನು ಮೊದಲು ಸಾಬೂನು ನೀರಿನಲ್ಲಿ ತೊಳೆಯಬೇಕು. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಫೆವಿಕಾಲ್ ಇಲ್ಲಿ ನಡೆಯುವುದಿಲ್ಲ. ಇದರ ಗೋಂದು ಎರಡು ಅಂಚುಗಳನ್ನೂ ಸ್ವಲ್ಪ ಕರಗಿಸಿ ಆರಿಹೋಗುತ್ತದೆ, ಉಳಿಯುವುದು ಒಂದೇ ತುಂಡು. ಟಯರ್ ಮಾಡಿದ ಅದೇ ಕೆಲಸ, ಈ ಸಲ ನಮ್ಮ ಲೆಕ್ಕಕ್ಕೆ! ಬಿರುಕು ಬಿಟ್ಟ ಚಿತ್ರಗಳ ಮೇಲೆ ಪಾರದರ್ಶಕ ಲ್ಯಾಕರ್ ಸಿಂಪಡಿಸಿ, ಒಣಗಿದ ಮೇಲೆ ನೀರಿಗೆ ಹಾಕಿದೆ. ಇಲ್ಲದಿದ್ದರೆ ನೀರಿನಲ್ಲೇ ಚೂರುಚೂರು. ಆದರೂ ಎರಡು ಹೋದವು. ಗಾಜಿನ ಗುಂಡಿಯನ್ನು ಉಜ್ಜಿ ತೆಗೆಯಲು ನೋಡಿದೆ, ಪೂರ್ತಿ ಹೋಗಲಿಲ್ಲ.

ಕಾರು ಈಗ ಅಜ್ಜನ ಫೋಟೋದ ಕೆಳಗಿನ ಕಪಾಟಿನಲ್ಲಿದೆ. ಟಯರ್‌ನ ಕೆಳಗೆ ಒಂದು ತುಂಡು ಅಲ್ಯೂಮಿನಿಯಂ ಹಾಳೆ ಇಟ್ಟಿದ್ದೇನೆ. ಎಡಗಡೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ತಪ್ಪು ನನ್ನದೇ. ಮನೆಗೆ ಯಾರು ಬಂದರೂ ಅಜ್ಜಿ ಮೊದಲು ಎತ್ತಿ ತೋರಿಸುವುದು ಆ ಬಾಗಿಲನ್ನೇ.